ನಾಗೇಶ್ ಮತ್ತು ಅಪ್ಪನ ಮದರಾಸು

ನಾನು ಚಿಕ್ಕವಳಿದ್ದಾಗ, ಮನೆಗೆ ಬಂದ ನೆಂಟರು ಕಾಫಿ ಕುಡಿದು ಎದ್ದ ಮೇಲೆ ಅಪ್ಪ ಒಂದು ಆಟ ಆಡುತ್ತಿದ್ದರು. ಖಾಲಿ ಲೋಟಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಎಡಗೈಯಲ್ಲಿ ಹಿಡಿದು, ನಡುಮನೆಯಿಂದ ಅಡುಗೆಮನೆವರೆಗೆ ಒಂದೇ ಉಸಿರಿಗೆ ನಡೆದು ಹೋಗುವುದು. ಲೋಟಗಳು ಅವರ ಮೂಗಿನ ಮಟ್ಟಕ್ಕೆ ಬಂದಿರುತ್ತಿದ್ದವು. ಅಮ್ಮ ಒಳಗಿನಿಂದಲೇ ಕೂಗುತ್ತಿದ್ದರು, "ಬೀಳಿಸ್ತೀರ ರೀ!" ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಲೋಟಗಳನ್ನು ಬಚ್ಚಲ ಕಟ್ಟೆಯ ಮೇಲೆ ಇಟ್ಟಾದ ಮೇಲೆ ಮಾತ್ರ ತಿರುಗಿ ನೋಡಿ "ಸುಂದರಂ" ಎನ್ನುತ್ತಿದ್ದರು.

ಸುಂದರಂ ಯಾರು ಅಂತ ನಮಗೆ ಗೊತ್ತಿರಲಿಲ್ಲ. ಅಪ್ಪನ ಆಫೀಸಿನವರು ಯಾರೋ ಇರಬೇಕು ಅಂದುಕೊಂಡಿದ್ದೆವು.

1990ರ ದಶಕದಲ್ಲಿ ಬೆಂಗಳೂರಿನ ನಮ್ಮ ಮನೆಗೆ ಕೇಬಲ್ ಬಂತು. ಒಂದು ಮಧ್ಯಾಹ್ನ ತಮಿಳು ಚಾನೆಲ್‌ನಲ್ಲಿ ಕಪ್ಪು ಬಿಳುಪು ಚಿತ್ರ ಓಡುತ್ತಿತ್ತು. ಕಡ್ಡಿಯಂಥ ಒಬ್ಬ ಮನುಷ್ಯ, ಹೋಟೆಲ್ ಸರ್ವರ್ ಬಟ್ಟೆ ಹಾಕಿಕೊಂಡು, ಲೋಟಗಳನ್ನು ಪೇರಿಸಿ ಹಿಡಿದು ನಡೆಯುತ್ತಿದ್ದ. ಆ ಗೋಪುರ ಅವನ ತಲೆಗಿಂತ ಮೇಲೆ ಹೋಗಿತ್ತು. ಅವನು ಬಾಗುತ್ತಾನೆ, ಲೋಟಗಳೂ ಬಾಗುತ್ತವೆ, ಬೀಳುವುದಿಲ್ಲ. ನಾನು "ಅಪ್ಪಾ!" ಅಂತ ಕಿರುಚಿದೆ. ಅಪ್ಪ ಪೇಪರ್ ಕೆಳಗಿಟ್ಟು ಬಂದು ನನ್ನ ಪಕ್ಕ ಕೂತರು. ಚಿತ್ರ ಮುಗಿಯುವವರೆಗೂ ಎದ್ದಿಲ್ಲ.

ಅದು 1964ರ 'ಸರ್ವರ್ ಸುಂದರಂ'. ಆ ಕಡ್ಡಿ ಮನುಷ್ಯ ತಮಿಳಿನ ಹಾಸ್ಯನಟ ನಾಗೇಶ್.

ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ಅದಿಲ್ಲದೆ ನಾಗೇಶ್ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ನಾವು ಅರಸೀಕೆರೆಯವರು. 1951ರಲ್ಲಿ ಮೈಸೂರು ರೈಲ್ವೆಯನ್ನು ದಕ್ಷಿಣ ರೈಲ್ವೆಗೆ ಸೇರಿಸಿದರು. ಹಾಗಾಗಿ ನಮ್ಮ ಕಡೆ ರೈಲ್ವೆ ಕೆಲಸ ಸಿಕ್ಕ ಹುಡುಗರಿಗೆ ಮದರಾಸಿನ ಹೆಡ್ ಆಫೀಸಿಗೆ ಹಾಕುವುದೂ ಇತ್ತು. ಅಪ್ಪನಿಗೆ ಇಪ್ಪತ್ತೆರಡು ವರ್ಷ. 1963ರಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಚೀಲ ತೆಂಗಿನಕಾಯಿ ಹಿಡಿದುಕೊಂಡು ಸೆಂಟ್ರಲ್ ಸ್ಟೇಷನ್‌ನಲ್ಲಿ ಇಳಿದರು. ತೆಂಗಿನಕಾಯಿ ಯಾಕೆ ಅಂದರೆ, ಅಜ್ಜಿ ಕಟ್ಟಿಕೊಟ್ಟಿದ್ದರು, ಅಷ್ಟೇ. ನಾಲ್ಕು ವರ್ಷ ಟ್ರಿಪ್ಲಿಕೇನಿನ ಒಂದು ಮ್ಯಾನ್ಷನ್‌ನಲ್ಲಿದ್ದರು. ಹೆಸರು ಮ್ಯಾನ್ಷನ್, ಒಳಗೆ ಇದ್ದದ್ದು ಒಂದು ಕೋಣೆಗೆ ಮೂರು ಮಂಚ. ತಿಂಗಳ ಕೊನೆಯ ವಾರ ರಾತ್ರಿ ಊಟ ಬಿಡುತ್ತಿದ್ದರಂತೆ. ಮೆಸ್ಸಿನವರು ಸಾಲ ಕೊಡುತ್ತಿದ್ದರು, ಆದರೆ ಕೇಳಲು ನಾಚಿಕೆ. ತಮಿಳನ್ನು ಕಲಿತದ್ದು ಸಿನಿಮಾ ಟಾಕೀಸಿನಲ್ಲಿ. ಅದರಲ್ಲೂ ಜಾಸ್ತಿ ಕಲಿತದ್ದು ನಾಗೇಶ್ ಬಾಯಿಂದ.

"ಅವನು ನಮ್ಮವನು ಮಗೂ" ಎನ್ನುತ್ತಿದ್ದರು ಅಪ್ಪ. "ಅವರಪ್ಪ ನಮ್ಮೂರಲ್ಲೇ ಸ್ಟೇಷನ್ ಮಾಸ್ಟರ್ ಆಗಿದ್ದರು."

ನಾನು ಇದನ್ನು ಬಹಳ ದಿನ ನಂಬಿರಲಿಲ್ಲ. ಊರಿನ ಪ್ರೀತಿಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ನಿಜ ಅಂತ ಗೊತ್ತಾಯಿತು. ನಾಗೇಶ್ ಹುಟ್ಟಿದ್ದು 1933ರ ಸೆಪ್ಟೆಂಬರ್ 27ರಂದು, ಕೊಯಮತ್ತೂರು ಸೀಮೆಯ ಧಾರಾಪುರದಲ್ಲಿ. ಮನೆಮಾತು ಕನ್ನಡ, ಮಾಧ್ವ ಬ್ರಾಹ್ಮಣ ಕುಟುಂಬ. ಹೆಸರು ನಾಗೇಶ್ವರನ್, ಗುಂಡೂರಾವ್ ಅನ್ನುವ ಹೆಸರೂ ಇತ್ತು. ತಂದೆ ಕೃಷ್ಣರಾಯರು ರೈಲ್ವೆಯವರು, ಅರಸೀಕೆರೆ ಸ್ಟೇಷನ್‌ನಲ್ಲಿ ಇದ್ದವರು. ತಮಿಳುನಾಡಿನ ಊರೂರುಗಳಲ್ಲಿ ಇಂಥ ಕನ್ನಡದ ಮನೆಗಳು ಎಷ್ಟೋ ಇವೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎರಡೂ ಒಂದರೊಳಗೊಂದು ಬೆರೆತು, ಎಲ್ಲಿ ಯಾವುದು ಶುರುವಾಯಿತು ಅಂತಲೇ ತಿಳಿಯುವುದಿಲ್ಲ. ಆದರೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾಗೇಶ್ ತಮಿಳಿನ ನಟ. ಅವರ ನಾಲಿಗೆ ಪಳಗಿದ್ದು ತಮಿಳಿನಲ್ಲಿ, ಅವರನ್ನು ಬೆಳೆಸಿದ್ದು ತಮಿಳರು. "ನಮ್ಮವನು" ಅನ್ನುವುದು ಅಪ್ಪನ ಅಕ್ಕರೆ, ಅಷ್ಟೇ. ನನಗೆ ಅದಕ್ಕಿಂತ ದೊಡ್ಡ ಹಕ್ಕು ಸಾಧಿಸುವ ಆಸೆ ಇಲ್ಲ.

ಚಿಕ್ಕ ವಯಸ್ಸಿನಲ್ಲಿ ನಾಗೇಶ್‌ಗೆ ಸಿಡುಬು ಆಯಿತು. ಮುಖದ ತುಂಬ ಕಲೆ ಉಳಿದುಬಿಟ್ಟವು. ಸಿನಿಮಾ ಸೇರಬೇಕು ಅಂತ ಕನಸಿರುವ ಹುಡುಗನಿಗೆ ಅದು ಎಂಥ ಪೆಟ್ಟು ಅಂತ ಯೋಚಿಸಿ. ಮೈಯಲ್ಲಿ ಮಾಂಸವಿಲ್ಲ, ಮುಖದ ತುಂಬ ಕಲೆ, ಜೇಬಿನಲ್ಲಿ ಕಾಸಿಲ್ಲ. ಮನೆ ಬಿಟ್ಟು ಮದರಾಸಿಗೆ ಬಂದರು, ರೈಲ್ವೆಯಲ್ಲಿ ಗುಮಾಸ್ತರಾದರು. ಟಿ. ನಗರದಲ್ಲಿ ಕ್ಲಬ್ ಹೌಸ್ ಅನ್ನುವ ಕಡೆ ವಾಸ. ಜೊತೆಯಲ್ಲಿದ್ದವರು ಇಬ್ಬರು. ಒಬ್ಬರು ಶ್ರೀರಂಗದಿಂದ ಹಾಡು ಬರೆಯುವ ಅವಕಾಶ ಹುಡುಕಿಕೊಂಡು ಬಂದಿದ್ದ ವಾಲಿ. ಇನ್ನೊಬ್ಬರು ಅಮೆರಿಕನ್ ಕಾನ್ಸುಲೇಟಿನಲ್ಲಿ ಕೆಲಸ ಮಾಡುತ್ತ ನಾಟಕ ಆಡುತ್ತಿದ್ದ ಶ್ರೀಕಾಂತ್. ಮುಂದೆ ವಾಲಿ ತಮಿಳಿನ ಅತಿ ದೊಡ್ಡ ಚಿತ್ರಗೀತೆ ಬರಹಗಾರರಲ್ಲಿ ಒಬ್ಬರಾದರು. ಶ್ರೀಕಾಂತ್ ಹೆಸರುವಾಸಿ ನಟರಾದರು. ಆದರೆ ಆಗ ಇವರ ಪಾಲಿಗೆ ಇದ್ದದ್ದು ಅಪ್ಪನ ಮ್ಯಾನ್ಷನ್ ಹುಡುಗರಿಗೆ ಇದ್ದದ್ದೇ. ತಿಂಗಳ ಮೊದಲ ವಾರ ಮೂವರಿಗೂ ಊಟ. ಕೊನೆಯ ವಾರ ಯಾರ ಜೇಬಿನಲ್ಲಿ ಏನಿದೆ ಅಂತ ಹುಡುಕಾಟ.

ಆ ಕಾಲದ ಮದರಾಸಿನಲ್ಲಿ ಆಫೀಸು ಬಿಟ್ಟ ಮೇಲೆ ಗುಮಾಸ್ತರೆಲ್ಲ ನಾಟಕ ಆಡುತ್ತಿದ್ದರು. ರೈಲ್ವೆ, ಬ್ಯಾಂಕು, ಅಕೌಂಟೆಂಟ್ ಜನರಲ್ ಆಫೀಸು, ಎಲ್ಲ ಕಡೆ ಒಂದೊಂದು ತಂಡ. ಐದು ಗಂಟೆಗೆ ಫೈಲು ಮುಚ್ಚಿ, ಆರಕ್ಕೆ ರಿಹರ್ಸಲ್. ಮೈಲಾಪುರದ, ಟಿ. ನಗರದ ಸಭಾಗಳಲ್ಲಿ, ಅಂದರೆ ಕಲಾ ಸಂಘಗಳಲ್ಲಿ, ಪ್ರದರ್ಶನ. ನಾಗೇಶ್ ಹೀಗೆ ರೈಲ್ವೆಯವರ ಒಂದು ನಾಟಕದಲ್ಲಿ ಹೊಟ್ಟೆನೋವಿನ ರೋಗಿಯ ಪಾತ್ರ ಮಾಡಿದರು. ತೀರಾ ಚಿಕ್ಕ ಪಾತ್ರ. ಡಾಕ್ಟರ್ ಹತ್ತಿರ ಬರಬೇಕು, ನೋವು ಅನ್ನಬೇಕು, ಹೋಗಬೇಕು. ಅವರು ಆ ನೋವನ್ನು ಇಡೀ ಮೈಯಿಂದ ಆಡಿದರು. ಅವತ್ತು ಅತಿಥಿಯಾಗಿ ಬಂದಿದ್ದವರು ಎಂ.ಜಿ.ಆರ್. ವೇದಿಕೆ ಮೇಲೆ ಮಾತಾಡುವಾಗ ಹೀರೋನ ಬಿಟ್ಟು ಈ ಹೊಟ್ಟೆನೋವಿನವನನ್ನು ಹೊಗಳಿದರು, ಬಹುಮಾನವನ್ನೂ ಇವರ ಕೈಗೇ ಕೊಟ್ಟರು.

ಅಪ್ಪನ ಇಷ್ಟದ ಕತೆ ಇದು. ಹೇಳುವಾಗ ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ಬಾಗುತ್ತಾರೆ.

1959ರಲ್ಲಿ 'ತಾಮರೈ ಕುಳಂ' ಚಿತ್ರದಿಂದ ಸಿನಿಮಾಕ್ಕೆ ಬಂದರು. ಜನ ಗುರುತು ಹಿಡಿದದ್ದು 1962ರಲ್ಲಿ, ನಿರ್ದೇಶಕ ಶ್ರೀಧರ್ ಅವರ 'ನೆಂಜಿಲ್ ಓರ್ ಆಲಯಂ' ಬಂದಾಗ. ಇಡೀ ಚಿತ್ರ ನಡೆಯುವುದು ಒಂದು ಆಸ್ಪತ್ರೆಯಲ್ಲಿ, ಇವರು ಅಲ್ಲಿನ ವಾರ್ಡ್ ಬಾಯ್. ಎರಡು ವರ್ಷದ ಮೇಲೆ ಅದೇ ಶ್ರೀಧರ್ 'ಕಾದಲಿಕ್ಕ ನೇರಮಿಲ್ಲೈ' ಮಾಡಿದರು. ಅದರಲ್ಲಿ ಇವರು ಶ್ರೀಮಂತರ ಮಗ ಚೆಲ್ಲಪ್ಪ. ಮನೆಯಲ್ಲೇ ಒಂದು ಚಿತ್ರ ಕಂಪನಿ ಶುರು ಮಾಡಿಬಿಟ್ಟಿರುತ್ತಾನೆ. ಕಂಪನಿಯ ಹೆಸರು 'ಓಹೋ ಪ್ರೊಡಕ್ಷನ್ಸ್'. ಚೆಲ್ಲಪ್ಪ ತನ್ನ ಅಪ್ಪನಿಗೆ ಕತೆ ಹೇಳಿ ದುಡ್ಡು ಕೇಳಬೇಕು. ಅಪ್ಪನ ಪಾತ್ರ ಟಿ.ಎಸ್. ಬಾಲಯ್ಯ ಅವರದ್ದು. ನಾಗೇಶ್ ದೆವ್ವದ ಕತೆ ಹೇಳಲು ಶುರು ಮಾಡುತ್ತಾರೆ. ಬಾಗಿಲು ಕಿರ್ ಅನ್ನುವುದು, ಗಾಳಿ ಬೀಸುವುದು, ಹೆಜ್ಜೆ ಸಪ್ಪಳ, ಎಲ್ಲವನ್ನೂ ಬಾಯಲ್ಲೇ ಮಾಡುತ್ತಾರೆ. ಬಾಲಯ್ಯನ ಮುಖ ನೋಡುತ್ತ ನೋಡುತ್ತ ಬಿಳಿಚಿಕೊಳ್ಳುತ್ತದೆ.

ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲ ಸಲ ಎಲ್ಲರೂ ನಾಗೇಶ್‌ರನ್ನು ನೋಡುತ್ತಾರೆ. ಎರಡನೇ ಸಲ ಬಾಲಯ್ಯನವರನ್ನು ನೋಡಿ. ಮೂರನೇ ಸಲ ನಾಗೇಶ್ ಬಾಲಯ್ಯನವರನ್ನು ಹೇಗೆ ನೋಡುತ್ತಿದ್ದಾರೆ ಅನ್ನುವುದನ್ನು ನೋಡಿ. ಎದುರಿನವರು ಎಷ್ಟು ಹೆದರಿದರೋ ಅಷ್ಟೇ ಮುಂದಕ್ಕೆ ಹೋಗುತ್ತಾರೆ, ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ಸಭಾ ನಾಟಕ ಕಲಿಸಿದ್ದು ಅದನ್ನೇ ಅನ್ನಿಸುತ್ತದೆ. ಎದುರಿನವರ ಉಸಿರು ಕೇಳಿಸಿಕೊಂಡು ಆಡುವುದು. ನಮ್ಮ ನರಸಿಂಹರಾಜು ಅವರಲ್ಲೂ ಈ ಗುಣ ಇತ್ತು. ರಾಜ್‌ಕುಮಾರ್ ಮಾತಾಡುವಾಗ ಅವರ ಕಣ್ಣು ಸುಮ್ನೆ ಇರುತ್ತಿರಲಿಲ್ಲ.

ಇನ್ನೊಬ್ಬ ಗುಮಾಸ್ತರ ಹೆಸರು ಹೇಳಲೇಬೇಕು. ಕೆ. ಬಾಲಚಂದರ್. ಅಕೌಂಟೆಂಟ್ ಜನರಲ್ ಆಫೀಸಿನಲ್ಲಿ ಕೆಲಸ, ಸಂಜೆ ನಾಟಕ. ಅವರ ತಂಡದ ಹೆಸರು ರಾಗಿಣಿ ರಿಕ್ರಿಯೇಷನ್ಸ್. 'ಸರ್ವರ್ ಸುಂದರಂ' ಮೊದಲು ಅವರ ನಾಟಕವೇ. ಆಮೇಲೆ ಎ.ವಿ. ಮೆಯ್ಯಪ್ಪನ್ ಅದನ್ನು ಸಿನಿಮಾ ಮಾಡಿಸಿದರು, ನಿರ್ದೇಶನ ಕೃಷ್ಣನ್-ಪಂಜು ಅವರದ್ದು. ಹೋಟೆಲ್ ಸರ್ವರ್ ಒಬ್ಬ ಸಿನಿಮಾ ಸ್ಟಾರ್ ಆಗುತ್ತಾನೆ. ಅವನು ಪ್ರೀತಿಸಿದ ಹುಡುಗಿಯ ಮನಸ್ಸು ಅವನ ಸ್ನೇಹಿತನ ಕಡೆ ಇರುತ್ತದೆ. ದುಡ್ಡು ಬಂತು, ಹೆಸರು ಬಂತು, ಬೇಕಾದದ್ದು ಬರಲಿಲ್ಲ.

ಅದರಲ್ಲಿ ಒಂದು ಹಾಡು ಬರುತ್ತದೆ. ಹಾಡು ಶುರುವಾಗುವುದೇ ರೆಕಾರ್ಡಿಂಗ್ ಥಿಯೇಟರಿನಿಂದ. ಟಿ.ಎಂ. ಸೌಂದರರಾಜನ್ ಮೈಕ್ ಮುಂದೆ, ಎಂ.ಎಸ್. ವಿಶ್ವನಾಥನ್ ವಾದ್ಯದವರ ಮುಂದೆ ಕೈ ಆಡಿಸುತ್ತ ನಿಂತಿರುತ್ತಾರೆ. ಆಮೇಲೆ ಅದೇ ಹಾಡಿಗೆ ನಾಗೇಶ್ ಕುಣಿಯುತ್ತಾರೆ. ಆ ಕಾಲುಗಳನ್ನು ನೋಡಬೇಕು ನೀವು. ಮೊಣಕಾಲಿಗೆ ಮೂಳೆಯೇ ಇಲ್ಲವೇನೋ ಅನ್ನಿಸುತ್ತದೆ. ಆದರೂ ಒಂದು ತಾಳ ತಪ್ಪುವುದಿಲ್ಲ. ಚೆಲುವಾಗಿ ಕಾಣಬೇಕಾದ ಹೀರೋಗೆ ಸಿಗದ ಸ್ವಾತಂತ್ರ್ಯ ಆ ಮೈಗೆ ಇತ್ತು. ಕೂದಲು ಕೆದರಿದರೆ ಕೆದರಲಿ, ಬೆವರು ಸುರಿದರೆ ಸುರಿಯಲಿ.

ಬಾಲಚಂದರ್ ತಾವೇ ನಿರ್ದೇಶನಕ್ಕೆ ಇಳಿದದ್ದು 1965ರ 'ನೀರ್ಕುಮಿಳಿ' ಚಿತ್ರದಲ್ಲಿ. ಮೊದಲ ಚಿತ್ರಕ್ಕೆ ಹೀರೋ ನಾಗೇಶ್, ಅದೂ ಸಾಯಲಿರುವ ಕ್ಯಾನ್ಸರ್ ರೋಗಿಯಾಗಿ. ಜನ ನಗಲು ದುಡ್ಡು ಕೊಟ್ಟು ಬರುವ ನಟನನ್ನು ಆಸ್ಪತ್ರೆ ಮಂಚದ ಮೇಲೆ ಮಲಗಿಸಿದರು. ಹೊಸ ನಿರ್ದೇಶಕ ಇಷ್ಟು ಧೈರ್ಯ ಮಾಡಿದ್ದಾನೆ ಅಂದರೆ ಆ ನಟನ ಮೇಲೆ ಎಷ್ಟು ನಂಬಿಕೆ ಇರಬೇಕು, ಅಲ್ವಾ?

ಈಗ ಧರುಮಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಧರುಮಿಗೋಸ್ಕರವೇ ಇದನ್ನು ಬರೆಯಲು ಕೂತದ್ದು.

1965ರಲ್ಲೇ ಎ.ಪಿ. ನಾಗರಾಜನ್ ಅವರ 'ತಿರುವಿಳೈಯಾಡಲ್' ಬಂತು. ಶಿವನ ಲೀಲೆಗಳ ಕತೆ, ಶಿವ ಶಿವಾಜಿ ಗಣೇಶನ್. ಮದುರೆಯ ಪಾಂಡ್ಯ ರಾಜನಿಗೆ ಒಂದು ಸಂಶಯ ಬರುತ್ತದೆ. ಹೆಣ್ಣಿನ ಕೂದಲಿಗೆ ತನ್ನದೇ ಪರಿಮಳ ಇದೆಯೋ, ಅಥವಾ ಹೂವಿನಿಂದ ಬರುವುದೋ? ಇದನ್ನು ಬಿಡಿಸುವ ಪದ್ಯ ಬರೆದವರಿಗೆ ಸಾವಿರ ಹೊನ್ನು. ಧರುಮಿ ಅನ್ನುವ ಬಡ ಕವಿ ದೇವಸ್ಥಾನದಲ್ಲಿ ಒಬ್ಬನೇ ನಿಂತು ಗೋಳಾಡುತ್ತಾನೆ. ಸಾವಿರ ಹೊನ್ನು! ನನಗೆ ಸಿಗಬಾರದೇ? ಪದ್ಯ ಮಾತ್ರ ಬರುತ್ತಿಲ್ಲ. ಆಗ ಶಿವ ಕವಿಯ ವೇಷದಲ್ಲಿ ಬಂದು ಪದ್ಯ ಕೊಡುತ್ತಾನೆ. ಆ ಪದ್ಯ ನಿಜವಾಗಿಯೂ ತಮಿಳಿನ ಪ್ರಾಚೀನ ಸಂಗಂ ಕಾವ್ಯದ ಸಂಕಲನ 'ಕುರುಂತೊಗೈ'ಯಲ್ಲಿದೆ, ಎರಡನೆಯ ಪದ್ಯ.

ಇಡೀ ಚಿತ್ರದಲ್ಲಿ ನಾಗೇಶ್ ಕಾಣಿಸುವುದು ಸ್ವಲ್ಪ ಹೊತ್ತು. ಚಿತ್ರೀಕರಣ ಒಂದೂವರೆ ದಿನದಲ್ಲಿ ಮುಗಿಯಿತಂತೆ. ಒಬ್ಬನೇ ಗೊಣಗುವ ಮಾತುಗಳಲ್ಲಿ ಎಷ್ಟೋ ಅವರೇ ಆಗ ಹುಟ್ಟಿಸಿಕೊಂಡದ್ದು ಎನ್ನುತ್ತಾರೆ. ಮೈಲಾಪುರದ ಕೊಳದ ಹತ್ತಿರ ಒಬ್ಬನೇ ಮಾತಾಡಿಕೊಂಡು ಕೂತಿದ್ದ ಯಾರನ್ನೋ ಹಿಂದೆ ನೋಡಿದ್ದು ಆಗ ನೆನಪಾಯಿತಂತೆ. ರಷಸ್, ಅಂದರೆ ಇನ್ನೂ ಕತ್ತರಿಸದ ಚಿತ್ರದ ತುಣುಕು, ನೋಡಿದ ಶಿವಾಜಿ, ಇವನ ದೃಶ್ಯದಲ್ಲಿ ಒಂದು ಅಡಿಯೂ ಕತ್ತರಿಸಬೇಡಿ ಅಂದರು ಅನ್ನುವುದು ತಮಿಳು ಸಿನಿಮಾದವರು ಎಲ್ಲರೂ ಹೇಳುವ ಕತೆ. ತನ್ನನ್ನೇ ನುಂಗಿಹಾಕಿದ ದೃಶ್ಯ ಅದು. ಅದನ್ನು ಉಳಿಸಿ ಎಂದ ಶಿವಾಜಿ ದೊಡ್ಡವರು.

ಧರುಮಿ ಶಿವನನ್ನು ಪರೀಕ್ಷೆ ಮಾಡಲು ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾನೆ. ಸದಾ ಜೊತೆಯಲ್ಲೇ ಇರುವುದು ಯಾವುದು? ಬಡತನ ಮತ್ತು ವಿದ್ವತ್ತು, ಅಂತ ಉತ್ತರ. ಉತ್ತರ ಶಿವನದ್ದು, ಆದರೆ ಅದು ತಾಕುವುದು ಧರುಮಿಯ ಮೈಗೆ. ಮುಂದೆ ಆಸ್ಥಾನ. ಅಲ್ಲಿ ಆಸ್ಥಾನ ಕವಿ ನಕ್ಕೀರರು ಪದ್ಯದಲ್ಲಿ ತಪ್ಪಿದೆ ಎನ್ನುತ್ತಾರೆ. ಹೊನ್ನಿನ ಗಂಟು ಕಣ್ಣೆದುರಿಗೆ ಇದೆ. ಆಗ ಧರುಮಿ ಹೇಳುವ ಮಾತು ತಮಿಳುನಾಡಿನಲ್ಲಿ ಮಕ್ಕಳಿಗೂ ಗೊತ್ತು. ಎಷ್ಟು ತಪ್ಪಿದೆಯೋ ಅಷ್ಟಕ್ಕೆ ತಕ್ಕ ಹಾಗೆ ಬಹುಮಾನದಲ್ಲಿ ಮುರಿದುಕೊಂಡು ಉಳಿದದ್ದನ್ನು ಕೊಡಿ!

ಅಪ್ಪ ಇಲ್ಲಿ ಪ್ರತಿ ಸಲ ನಗುತ್ತಾರೆ. ಕಣ್ಣಲ್ಲಿ ನೀರು ಬರುವಷ್ಟು. "ಇದು ಗುಮಾಸ್ತ ಬುದ್ಧಿ" ಎನ್ನುತ್ತಾರೆ. "ಸಂಬಳದಲ್ಲಿ ಮುರ್ಕೊಳ್ಳೋದು ನಮಗೆ ಹೊಸದಲ್ಲ. ಪೂರ್ತಿ ಇಲ್ಲ ಅಂತ ಮಾತ್ರ ಅನ್ನಬಾರದು."

ನಾಗೇಶ್ ಬಗ್ಗೆ ನಾನು ಹೇಳಬೇಕಾದದ್ದು ಇಷ್ಟೇ. ಅವರನ್ನು ಹಾಸ್ಯನಟ ಅಂತ ಕರೆಯುತ್ತಾರೆ. ಸರಿಯೇ. ಆದರೆ ಅವರು ಆಡಿದ್ದು ಹಸಿವನ್ನು. ಹೊಟ್ಟೆಯ ಹಸಿವು, ಓದಿನ ಹಸಿವು, ತನಗೂ ಒಂದು ಜಾಗ ಬೇಕು ಅನ್ನುವ ಹಸಿವು. ಆ ಹಸಿವನ್ನು ಅವರು ಕೈ ಚಾಚಿ ತೋರಿಸಲಿಲ್ಲ. ಧರುಮಿಯ ಬೆನ್ನು ನೋಡಿ. ಬಾಗಿದೆ. ಆದರೆ ಕತ್ತು ನೆಟ್ಟಗಿದೆ. ಶಿವನನ್ನೂ ಗದರಿಸುತ್ತಾನೆ. ಪದ್ಯ ಬೇಕು, ಆದರೆ ತಾನೂ ಕವಿ ಅನ್ನುವುದನ್ನು ಬಿಟ್ಟುಕೊಡುವುದಿಲ್ಲ. ಪಾಪ ಅನ್ನಿಸಿ ನಾವು ಕರಗುವ ಹೊತ್ತಿಗೆ ಅವನು ಮುಂದಿನ ಮಾತಿಗೆ ಹೋಗಿರುತ್ತಾನೆ. ತಿಂಗಳ ಕೊನೆಯ ವಾರ ಮೆಸ್ಸಿನಲ್ಲಿ ಸಾಲ ಕೇಳಲು ನಾಚಿಕೊಂಡ ಅಪ್ಪನಂಥವರಿಗೆ ಈ ಮನುಷ್ಯ ಯಾಕೆ ಅಷ್ಟು ಹತ್ತಿರವಾದರು ಅನ್ನುವುದು ಇಲ್ಲಿದೆ.

1968ರ 'ಎದಿರ್ ನೀಚ್ಚಲ್' ಕೂಡ ಬಾಲಚಂದರ್ ಅವರದ್ದೇ. ಹಲವು ಸಂಸಾರಗಳಿರುವ ಒಂದು ವಠಾರ. ಅದರ ಮಹಡಿ ಮೆಟ್ಟಿಲ ಕೆಳಗೆ ಒಬ್ಬ ಅನಾಥ ಹುಡುಗ, ಮಾದು. 'ಮಾಡಿಪ್ಪಡಿ ಮಾದು' ಅಂತಲೇ ಅವನ ಹೆಸರು. ತಮಿಳಿನ ಮಾಡಿ ನಮ್ಮ ಮಾಳಿಗೆ, ಪಡಿ ಅಂದರೆ ಮೆಟ್ಟಿಲು. ಎಲ್ಲ ಮನೆಯವರ ಕೆಲಸ ಅವನದ್ದೇ. ಒಂದೊಂದು ದಿನ ಒಂದೊಂದು ಮನೆಯ ಉಳಿದ ಅನ್ನ ಅವನದ್ದು. ಅವನಿಗೆ ಓದಬೇಕು. ಅದೊಂದೇ ಆಸೆ. ಆ ವಠಾರದಲ್ಲಿ ಪಟ್ಟು ಮಾಮಿಯಾಗಿ ಸೌಕಾರ್ ಜಾನಕಿ, ಕಿಟ್ಟು ಮಾಮನಾಗಿ ಶ್ರೀಕಾಂತ್ ಇದ್ದಾರೆ. ಹೌದು, ಕ್ಲಬ್ ಹೌಸಿನ ಅದೇ ಶ್ರೀಕಾಂತ್. ಒಂದು ಕಾಲಕ್ಕೆ ಒಂದೇ ಕೋಣೆಯಲ್ಲಿ ಚಾಪೆ ಹಾಸಿದ ಇಬ್ಬರು ಈಗ ಒಂದೇ ತೆರೆಯ ಮೇಲೆ. ಒಬ್ಬ ಮನೆಯೊಳಗೆ, ಇನ್ನೊಬ್ಬ ಮೆಟ್ಟಿಲ ಕೆಳಗೆ. ಇದು ಗೊತ್ತಾದ ಮೇಲೆ ಆ ಚಿತ್ರವನ್ನು ಬೇರೆ ಥರ ನೋಡಲು ನನಗೆ ಆಗಲೇ ಇಲ್ಲ.

ಅದೇ ವರ್ಷ 'ತಿಲ್ಲಾನಾ ಮೋಹನಾಂಬಾಳ್'. ಅದರಲ್ಲಿ ವೈದಿ. ದೊಡ್ಡವರ ಮನೆಗೆ ನಾಟ್ಯದ ಹುಡುಗಿಯರನ್ನು ಒಪ್ಪಿಸುವ ದಲ್ಲಾಳಿ. ಬೆಣ್ಣೆಯಂಥ ಮಾತು, ಒಳಗೆ ವಿಷ. ಅಮ್ಮನಿಗೆ ಈ ಪಾತ್ರ ಕಂಡರೆ ಆಗುತ್ತಿರಲಿಲ್ಲ. "ಆ ಮನುಷ್ಯ ಬಂದ್ರೆ ಟೀವಿ ಆರಿಸು" ಎನ್ನುತ್ತಿದ್ದರು. ಅದಕ್ಕಿಂತ ಒಳ್ಳೆಯ ಹೊಗಳಿಕೆ ಬೇರೆ ಯಾವುದು? ಧರುಮಿಯನ್ನು ಪ್ರೀತಿಸಿದ ಅಮ್ಮನೇ ಮೂರು ವರ್ಷದ ಮೇಲಿನ ವೈದಿಯನ್ನು ಕಂಡು ಮುಖ ಸಿಂಡರಿಸುವ ಹಾಗೆ ಮಾಡಿದ್ದು ಅದೇ ಕಡ್ಡಿ ಮೈ, ಅದೇ ಕಲೆಯ ಮುಖ.

ನಟಿ ಮನೋರಮಾ ಜೊತೆ ನಾಗೇಶ್ ಮಾಡಿದ ಚಿತ್ರಗಳ ಬಗ್ಗೆ ಬೇರೆಯೇ ಬರೆಯಬೇಕು. ಇಲ್ಲಿ ಬೇಡ.

1970ರ ದಶಕದಲ್ಲಿ ಇಳಿಜಾರು ಶುರುವಾಯಿತು. ತೇಂಗಾಯ್ ಶ್ರೀನಿವಾಸನ್, ಸುರುಳಿರಾಜನ್ ಥರದ ಹೊಸ ಹಾಸ್ಯನಟರು ಬಂದರು. ಒಂದು ಕಾಲಕ್ಕೆ ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಓಡುತ್ತಿದ್ದ ಮನುಷ್ಯನಿಗೆ ಕೆಲಸ ಕಡಿಮೆಯಾಯಿತು. ಬಾಲಚಂದರ್ ಮಾತ್ರ ಬಿಡಲಿಲ್ಲ. 1975ರ 'ಅಪೂರ್ವ ರಾಗಂಗಳ್'ನಲ್ಲಿ ಕುಡುಕ ಡಾಕ್ಟರ್ ಪಾತ್ರ ಕೊಟ್ಟರು. ರಜನಿಕಾಂತ್ ಮೊದಲ ಸಲ ತೆರೆಗೆ ಬಂದ ಚಿತ್ರ ಅದು. ಟಿ. ನಗರದ ಪಾಂಡಿ ಬಜಾರಿನಲ್ಲಿ ನಾಗೇಶ್ ತಮ್ಮ ಹೆಸರಿನಲ್ಲೇ ಒಂದು ಥಿಯೇಟರ್ ಕಟ್ಟಿಸಿದ್ದರು. ಕೊನೆಗೆ ಅದು ಮದುವೆ ಛತ್ರ ಆಯಿತು.

ಆದರೆ ಎರಡನೇ ಸುತ್ತು ಬಂತು, ಅದನ್ನು ತಂದವರು ಕಮಲ್ ಹಾಸನ್. 1989ರ 'ಅಪೂರ್ವ ಸಹೋದರರ್‌ಗಳ್'ನಲ್ಲಿ ನಾಗೇಶ್ ವಿಲನ್. ಕುಳ್ಳ ಅಪ್ಪುವಿನ ಚಿತ್ರ ಅಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುತ್ತದೆ. ಅದರ ಧರ್ಮರಾಜ ಇವರೇ. ನಗಿಸುತ್ತಿದ್ದ ಅದೇ ಚುರುಕು ಇಲ್ಲಿ ಮೈ ನಡುಗಿಸುತ್ತದೆ. ಮುಂದಿನ ವರ್ಷದ 'ಮೈಕಲ್ ಮದನ ಕಾಮ ರಾಜನ್'ನಲ್ಲಿ ಅವಿನಾಶಿ ಅನ್ನುವ ಮೋಸಗಾರ.

1994ರಲ್ಲಿ ಎರಡು ಪಾತ್ರ ಮಾಡಿದರು. ಒಂದರ ಪಕ್ಕ ಒಂದನ್ನು ಇಟ್ಟು ನೋಡಿದರೆ ಬೆರಗಾಗುತ್ತದೆ. 'ಮಗಳಿರ್ ಮಟ್ಟುಂ' ಚಿತ್ರದಲ್ಲಿ ಅವರು ಹೆಣ. ಹೌದು, ಬರೀ ಹೆಣ. ಒಂದು ಮಾತಿಲ್ಲ, ಒಂದು ರೆಪ್ಪೆ ಮಿಟುಕಿಲ್ಲ. ಹೆಂಗಸರು ಗಾಬರಿಯಿಂದ ಆ ಹೆಣವನ್ನು ಅಲ್ಲಿಂದ ಇಲ್ಲಿಗೆ ಸಾಗಿಸುತ್ತಾರೆ. ಅದು ಎಲ್ಲಿ ಬೀಳುತ್ತದೆ, ಹೇಗೆ ಒರಗುತ್ತದೆ, ಕೈ ಎತ್ತ ಜೋಲುತ್ತದೆ, ಎಲ್ಲದರಲ್ಲೂ ನಗು. ಜೀವಮಾನವಿಡೀ ಮೈಯಿಂದ ನಗಿಸಿದವರು ಮೈಯನ್ನು ಪೂರ್ತಿ ಸತ್ತ ಹಾಗೆ ಬಿಟ್ಟೂ ನಗಿಸಿದರು.

ಎರಡನೆಯದು 'ನಮ್ಮವರ್'. ಅದರಲ್ಲಿ ಕಾಲೇಜು ಮೇಷ್ಟ್ರು ಪ್ರಭಾಕರ ರಾವ್. ಮಗಳು ಪ್ರಾಣ ಕಳೆದುಕೊಳ್ಳುತ್ತಾಳೆ. ಆ ತಂದೆ ಅಳುವ ದೃಶ್ಯವನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಮತ್ತೆ ನೋಡುವ ಗಟ್ಟಿತನ ನನಗಿಲ್ಲ. ಆಗ ಅಪ್ಪ ಎದ್ದು ಹೊರಗೆ ಹೋಗಿ ವರಾಂಡದಲ್ಲಿ ನಿಂತುಬಿಟ್ಟಿದ್ದರು. ಒಳಗೆ ಬಂದಾಗ ಏನೂ ಹೇಳಲಿಲ್ಲ. ನನ್ನ ತಲೆ ಮೇಲೆ ಒಂದು ಸಲ ಕೈ ಇಟ್ಟು ಹೋದರು. ಆ ಪಾತ್ರಕ್ಕೆ ನಾಗೇಶ್‌ಗೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂತು. ಮೊದಲ ಚಿತ್ರ ಬಂದು ಮೂವತ್ತೈದು ವರ್ಷ ಕಳೆದಿತ್ತು. ಪದ್ಮ ಪ್ರಶಸ್ತಿ ಕೊನೆಗೂ ಬರಲಿಲ್ಲ. ಇದು ನನಗೆ ಇವತ್ತಿಗೂ ನೋವು. ಧರುಮಿ ಮಾಡಿದವರಿಗೆ ಕೊಡದೆ ಇನ್ಯಾರಿಗೆ ಕೊಡುತ್ತಾರೆ?

2008ರ 'ದಶಾವತಾರಂ'ನಲ್ಲೂ ಕಾಣಿಸಿಕೊಂಡರು. 2009ರ ಜನವರಿ 31ರಂದು ಚೆನ್ನೈನಲ್ಲಿ ತೀರಿಕೊಂಡರು. 75 ವರ್ಷವಾಗಿತ್ತು. ಅವತ್ತು ಶನಿವಾರ. ಟೀವಿಯಲ್ಲಿ ಸುದ್ದಿ ಬರುವಾಗ ನಾನು ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅಪ್ಪ ಸೋಫಾದ ತುದಿಯಲ್ಲಿ ಕೂತಿದ್ದರು. ಕಪ್ಪು ಬಿಳುಪಿನಲ್ಲಿ ಆ ಲೋಟದ ಗೋಪುರ ತೋರಿಸುತ್ತಿದ್ದರು.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಕೈ ನಡುಗುತ್ತದೆ, ಹಾಗಾಗಿ ಲೋಟದ ಆಟ ನಿಂತಿದೆ. ಇದನ್ನು ಬರೆಯುವಾಗ ಪಕ್ಕದಲ್ಲೇ ಕೂತಿದ್ದರು. ಓದಿ ಹೇಳಿಸಿಕೊಂಡರು. ಕ್ಲಬ್ ಹೌಸ್ ಅಂದಾಗ ತಲೆ ಆಡಿಸಿದರು. ತೆಂಗಿನಕಾಯಿ ಒಂದು ಚೀಲ ಅಲ್ಲ, ಎರಡು ಅಂತ ತಿದ್ದಿದರು. ನಾನು ಹಾಗೇ ಬಿಟ್ಟಿದ್ದೇನೆ. ಅಜ್ಜಿ ಹೇಳಿದ್ದು ಒಂದೇ ಚೀಲ.

ಒಂದು ಪ್ರಶ್ನೆಯನ್ನು ಇಷ್ಟು ವರ್ಷ ಕೇಳಿರಲೇ ಇಲ್ಲ. ನಾಲ್ಕು ವರ್ಷ ಮದರಾಸಿನಲ್ಲಿದ್ದಿರಿ, ಸಭಾ ನಾಟಕಕ್ಕೆಲ್ಲ ಹೋಗುತ್ತಿದ್ದಿರಿ, ನಾಗೇಶ್‌ರನ್ನು ಒಮ್ಮೆಯಾದರೂ ಮಾತಾಡಿಸಿದಿರಾ ಅಂತ ಕೇಳಿದೆ.

ಇಲ್ಲ ಅಂದರು. ಹತ್ತಿರ ಹೋಗುವ ಅವಕಾಶ ಸಿಗಲೇ ಇಲ್ಲ. ಆದರೆ ಸಿಕ್ಕರೆ ಏನು ಕೇಳಬೇಕು ಅಂತ ಒಂದು ಮಾತು ರೆಡಿ ಮಾಡಿ ಇಟ್ಟುಕೊಂಡಿದ್ದರಂತೆ. ಮ್ಯಾನ್ಷನ್ ಮಂಚದ ಮೇಲೆ ಮಲಗಿ ಎಷ್ಟೋ ರಾತ್ರಿ ಹೇಳಿಕೊಂಡು ನೋಡಿದ್ದರಂತೆ.

"ಏನು ಮಾತು ಅಪ್ಪ?"

ಅಪ್ಪ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. ಆಮೇಲೆ, ಎದುರಿಗೇ ಯಾರೋ ನಿಂತಿದ್ದಾರೆ ಅನ್ನುವ ಹಾಗೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಹೇಳಿದರು.

"ಗುಂಡೂರಾಯರೇ, ಊಟ ಆಯ್ತಾ?"